ಕತ್ತಲೆಕಾನು ಮತ್ತು ಭಲ್ಲಾತಕೀಪುರ: ಒಂದು ಉಳಿಕೆ ಕಾಡಿನ ಚರಿತ್ರೆ

ಹೊನ್ನಾವರದಿಂದ ಪೂರ್ವಕ್ಕೆ ಹೊರಟ ಹೆದ್ದಾರಿಯು ಗೇರುಸೊಪ್ಪೆಯನ್ನು ಹಿಂದೆ ಬಿಟ್ಟ ಮೇಲೆ ಘಟ್ಟವನ್ನು ಏರತೊಡಗುತ್ತದೆ. ಮಾವಿನಗುಂಡಿಯ ಕಡೆಗೆ ಸಾಗುವ ಈ ತಿರುವುಗಳ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನ ಮಲೆಮನೆಯ ಆಸುಪಾಸಿನಲ್ಲಿ, ಕತ್ತಲೆಕಾನು ಎಂಬ ಕಾಡಿದೆ. ಜೋಗವನ್ನು ನೋಡಲು ಹೊರಟವರ ವಾಹನಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ನಿಂತು ಕೆಲವು ಹೆಜ್ಜೆ ಒಳಗೆ ನಡೆದವರಿಗೆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಎಲೆಗಳ ಚಪ್ಪರ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ನಡುಹಗಲಿನಲ್ಲಿಯೂ ನೆಲಕ್ಕೆ ಬೆಳಕು ಚುಕ್ಕೆಚುಕ್ಕೆಯಾಗಿ ಮಾತ್ರ ಇಳಿಯುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಇಳಿಜಾರಿನಲ್ಲಿ ಬೇಸಿಗೆಯ ಕೊನೆಯಲ್ಲಿಯೂ ಮಣ್ಣು ತೇವವಾಗಿರುತ್ತದೆ.

ಕಾಡಿನ ತಗ್ಗಿನಲ್ಲಿ, ಸಣ್ಣ ತೊರೆಗಳ ಇಕ್ಕೆಲಗಳಲ್ಲಿ, ನೀರು ನಿಂತ ಜವುಗು ಇದೆ. ಮಲೆನಾಡಿನವರು ಇಂಥ ನೆಲವನ್ನು ಜಡ್ಡಿ ಎಂದು ಕರೆಯುತ್ತಾರೆ. ಜಾಯಿಕಾಯಿಯ ಕುಟುಂಬಕ್ಕೆ ಸೇರಿದ, ರಾಮಪತ್ರೆಯ ಬಳಗದ ಮರಗಳು ಇಲ್ಲಿ ಬೆಳೆದಿವೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ಮರವು ಕಾಂಡದ ಕೆಳಭಾಗದಿಂದ ಊರುಗೋಲುಗಳಂತಹ ಬೇರುಗಳನ್ನು ಇಳಿಬಿಟ್ಟು ಕೆಸರಿನಲ್ಲಿ ನಿಂತಿರುತ್ತದೆ. ಜಿಮ್ನಾಕ್ರಾಂಥೆರಾ ಕೆನರಿಕಾ ಎಂಬ ಇನ್ನೊಂದರ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ನೀರಿನಲ್ಲಿ ಮುಳುಗಿದ ಮಣ್ಣಿನಲ್ಲಿ ಗಾಳಿಯಾಡದು; ಈ ಬೇರುಗಳು ಉಸಿರಿಗಾಗಿ ಹೊರಬಂದವು. ಎರಡನೆಯ ಮರದ ಶಾಸ್ತ್ರೀಯ ನಾಮದಲ್ಲಿರುವ 'ಕೆನರಿಕಾ' ಎಂಬ ಪದವು ಕೆನರಾ ಸೀಮೆಯನ್ನೇ ಸೂಚಿಸುತ್ತದೆ. ನಾಡಿನ ಹೆಸರು ಮರಕ್ಕೆ ಅಂಟಿಕೊಂಡಿರುವ ಇಂಥ ನಿದರ್ಶನಗಳು ಚರಿತ್ರೆಯ ವಿದ್ಯಾರ್ಥಿಗೆ ಉಪೇಕ್ಷಣೀಯವಲ್ಲ.

ಇಂತಹ ಜವುಗು ಕಾಡುಗಳನ್ನು ವಿದ್ವಾಂಸರು ಮೊದಲು ವರ್ಣಿಸಿದ್ದು 1960ರಲ್ಲಿ, ತಿರುವಾಂಕೂರಿನ ಅರಣ್ಯಗಳ ಸಂದರ್ಭದಲ್ಲಿ. ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಅವು ಉಳಿದಿವೆಯೆಂಬುದನ್ನು 1999ರಲ್ಲಿ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು. ಮರುವರ್ಷವೇ, ಎಂದರೆ 2000ದಲ್ಲಿ, ವಿಜ್ಞಾನಕ್ಕೆ ಅದುವರೆಗೆ ಅಪರಿಚಿತವಾಗಿದ್ದ ಮರವೊಂದನ್ನು ಇಲ್ಲಿಂದ ಗುರುತಿಸಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಈ ಕಾನಿನ ಹೆಸರನ್ನೇ ಇಡಲಾಯಿತು. ಹೆದ್ದಾರಿಯ ಪಕ್ಕದಲ್ಲಿಯೇ ಇದ್ದ ಕಾಡು ತನ್ನ ಒಂದು ಮರಕ್ಕೆ ಹೆಸರು ಪಡೆಯಲು ಇಪ್ಪತ್ತನೆಯ ಶತಮಾನದ ಅಂತ್ಯದವರೆಗೆ ಕಾಯಬೇಕಾಯಿತು.

ಸಸ್ಯಶಾಸ್ತ್ರದ ದೃಷ್ಟಿಯಿಂದ ಕತ್ತಲೆಕಾನು ಒಂದು ಉಳಿಕೆ. ಹಿಂದೆ ವಿಸ್ತಾರವಾಗಿ ಹಬ್ಬಿದ್ದ ಕಾಡು ಕುಗ್ಗುತ್ತ ಬಂದು, ಅಲ್ಲಲ್ಲಿ ತುಣುಕಾಗಿ ನಿಂತ ಸ್ಥಿತಿ ಅದು. ಆದರೆ ಉಳಿಕೆ ಎಂದೊಡನೆ ಅದು ಮನುಷ್ಯರ ಕೈ ಸೋಕದ ಆದಿಮ ಕಾಡು ಎಂದು ಭಾವಿಸುವುದು ಸರಿಯಾಗದು. ಈ ತುಣುಕು ಇಲ್ಲಿಯೇ ಏಕೆ ಉಳಿಯಿತು ಎಂಬ ಪ್ರಶ್ನೆಗೆ ಉತ್ತರವು ಮಳೆ ಮಣ್ಣುಗಳಲ್ಲಿ ಅರ್ಧ ಮಾತ್ರ ಇದೆ. ಇನ್ನರ್ಧವನ್ನು ಘಟ್ಟದ ಕೆಳಗೆ ಹಾಳುಬಿದ್ದಿರುವ ಒಂದು ಜೈನ ರಾಜಧಾನಿಯಲ್ಲಿ, ಹಳೆಯ ಪ್ರವಾಸಿಗರ ಬರಹಗಳಲ್ಲಿ ಮತ್ತು ಕನ್ನಡದ ಕೆಲವು ನೆಲಪದಗಳಲ್ಲಿ ಹುಡುಕಬೇಕಾಗುತ್ತದೆ.

ಮೊದಲನೆಯದಾಗಿ 'ಕಾನು' ಎಂಬ ಪದವನ್ನೇ ಪರಿಶೀಲಿಸಬಹುದು. ತಮಿಳಿನ 'ಕಾನ್', 'ಕಾನಮ್' ಎಂಬ ರೂಪಗಳೊಡನೆ ಇದಕ್ಕೆ ಜ್ಞಾತಿತ್ವವಿದೆ. ಸಂಸ್ಕೃತದ 'ಕಾನನ'ವೂ ದ್ರಾವಿಡ ಮೂಲದಿಂದ ಬಂದಿರಬಹುದೆಂದು ಕೆಲವು ಭಾಷಾವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ. ಆದರೆ ಮಲೆನಾಡಿನ ಆಡುನುಡಿಯಲ್ಲಿ ಕಾನು ಎಂಬುದು ಕಾಡಿನ ಪರ್ಯಾಯಪದವಲ್ಲ. ಅಲ್ಲಿ ಬೆಟ್ಟ, ಬೇಣ, ಹಾಡಿ, ದೇವರಕಾಡು, ಕಾನು ಇವು ಬೇರೆಬೇರೆ ನೆಲಗಳು. ಒಂದೊಂದಕ್ಕೂ ಪ್ರತ್ಯೇಕವಾದ ಹಕ್ಕು, ಬಾಧ್ಯತೆ, ಬಳಕೆಗಳಿವೆ. ಸೊಪ್ಪು ಕಡಿಯುವುದು ಬೆಟ್ಟದಲ್ಲಿ, ಹುಲ್ಲು ಕೊಯ್ಯುವುದು ಬೇಣದಲ್ಲಿ. ಕಾನಿನಲ್ಲಿ ಹಸಿಮರವನ್ನು ಕಡಿಯುವಂತಿಲ್ಲ. ಸದಾ ಹಸಿರಾಗಿರುವ, ದಟ್ಟವಾದ, ನೀರಿನ ಸೆಲೆಯುಳ್ಳ ಕಾಡಿಗೆ ಮಾತ್ರ ಈ ಹೆಸರು ಸಲ್ಲುತ್ತದೆ. ಕಾನಸೂರು, ಕಾನ್ಲೆ ಮೊದಲಾದ ಊರ ಹೆಸರುಗಳಲ್ಲಿ ಈ ಪದ ಇಂದಿಗೂ ಬದುಕಿದೆ, ಊರಿನ ಸುತ್ತಲಿನ ಕಾನು ಉಳಿದಿರಲಿ ಬಿಡಲಿ.

ಕಾನಿನ ಮುಖ್ಯ ಉತ್ಪನ್ನವು ಕಾಳುಮೆಣಸು. 'ಮೆಣಸಿನ ಕಾನು' ಎಂಬ ಮಾತೇ ಈ ಸೀಮೆಯಲ್ಲಿ ರೂಢಿಯಲ್ಲಿತ್ತು. ಮೆಣಸಿನ ಬಳ್ಳಿಗೆ ಹಬ್ಬಲು ಜೀವಂತ ಮರ ಬೇಕು, ಬೇರಿಗೆ ತಂಪು ಬೇಕು, ಮೇಲೆ ಹದವಾದ ನೆರಳು ಬೇಕು. ಮರವನ್ನು ಕಡಿದರೆ ಬಳ್ಳಿಯೂ ಸಾಯುತ್ತದೆ. ಬಳ್ಳಿಯ ಹೊರತಾಗಿ ಕಾನಿನಿಂದ ದಾಲ್ಚಿನ್ನಿ, ರಾಮಪತ್ರೆ, ಉಪ್ಪಾಗೆ, ಮುರುಗಲು, ಬೈನೆಮರದ ಕಳ್ಳು, ಜೇನು ಇವೆಲ್ಲ ದೊರೆಯುತ್ತಿದ್ದವು. ಇವುಗಳಲ್ಲಿ ಯಾವುದಕ್ಕೂ ಮರವನ್ನು ಉರುಳಿಸಬೇಕಾಗಿರಲಿಲ್ಲ. ಸಮುದ್ರದಾಚೆ ಮೆಣಸಿಗೆ ಬೆಲೆ ಇರುವ ತನಕ ಘಟ್ಟದ ಮೇಲಿನ ಕತ್ತಲೆಗೂ ಬೆಲೆ ಇತ್ತು.

ಆ ಬೆಲೆಯ ಮೇಲೆ ನಿಂತ ರಾಜ್ಯವೇ ಗೇರುಸೊಪ್ಪೆ, ಎಂದರೆ ನಗಿರೆ. ಶಾಸನಗಳಲ್ಲಿಯೂ ಕೃತಿಗಳಲ್ಲಿಯೂ ಈ ಪಟ್ಟಣಕ್ಕೆ ಕ್ಷೇಮಪುರ, ಭಲ್ಲಾತಕೀಪುರ ಎಂಬ ಸಂಸ್ಕೃತ ಹೆಸರುಗಳು ದೊರೆಯುತ್ತವೆ. ಎರಡನೆಯ ಹೆಸರು ವಿಶೇಷವಾಗಿ ವಿಚಾರಾರ್ಹವಾದುದು. ಇಂದಿನ ಓದುಗರಿಗೆ ಗೇರು ಎಂದರೆ ಗೋಡಂಬಿಯ ಮರ ನೆನಪಾಗುತ್ತದೆ. ಆದರೆ ಗೋಡಂಬಿಯು ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರೊಡನೆ ಬಂದ ಗಿಡ. ಗೇರುಸೊಪ್ಪೆಯ ಹೆಸರು ಪೋರ್ಚುಗೀಸರು ಈ ಕರಾವಳಿಗೆ ಕಾಲಿಡುವುದಕ್ಕೆ ಮುಂಚಿನ ಶಾಸನಗಳಲ್ಲಿಯೇ ಇದೆ. ಆದುದರಿಂದ ಊರಿಗೆ ಹೆಸರು ಕೊಟ್ಟ ಗೇರು ಗೋಡಂಬಿಯಾಗಿರಲು ಸಾಧ್ಯವಿಲ್ಲ. ಅದು ದೇಶೀಯವಾದ ಕರಿಗೇರು. ಅಗಸರು ಬಟ್ಟೆಗೆ ಗುರುತುಹಾಕಲು ಬಳಸುತ್ತಿದ್ದ, ವೈದ್ಯರು ಔಷಧಕ್ಕೆ ಶೋಧಿಸುತ್ತಿದ್ದ ಈ ಕಾಯಿಗೆ ಸಂಸ್ಕೃತದಲ್ಲಿ ಭಲ್ಲಾತಕ ಎಂದು ಹೆಸರು. ಊರ ಹೆಸರನ್ನು ಸಂಸ್ಕೃತಕ್ಕೆ ತಂದ ಪಂಡಿತರು ಗೇರನ್ನು ಸರಿಯಾಗಿಯೇ ಭಲ್ಲಾತಕವೆಂದು ಗ್ರಹಿಸಿದ್ದರು.

ಕರಿಗೇರಿನ ಶಾಸ್ತ್ರೀಯ ನಾಮ ಸೆಮೆಕಾರ್ಪಸ್ ಅನಕಾರ್ಡಿಯಂ. ಕತ್ತಲೆಕಾನಿನ ಜವುಗಿನಲ್ಲಿ 2000ದಲ್ಲಿ ಗುರುತಿಸಲ್ಪಟ್ಟ ಮರವೂ ಅದೇ ಸೆಮೆಕಾರ್ಪಸ್ ಕುಲಕ್ಕೆ ಸೇರಿದ್ದು. ಘಟ್ಟದ ಕೆಳಗಿನ ಪಟ್ಟಣವು ಹಲವು ಶತಮಾನಗಳ ಹಿಂದೆ ಒಂದು ಗೇರಿನಿಂದ ಹೆಸರು ಪಡೆಯಿತು. ಘಟ್ಟದ ಮೇಲಿನ ಕಾನು ಇನ್ನೊಂದು ಗೇರಿಗೆ ತನ್ನ ಹೆಸರನ್ನು ಕೊಟ್ಟಿತು. ಇದು ಆಕಸ್ಮಿಕವೇ ಹೌದು. ಆದರೂ ಪಟ್ಟಣದ ಹೆಸರಿನೊಳಗೆ ಅದರ ಸುತ್ತಲಿನ ಸಸ್ಯಲೋಕವು ದಾಖಲಾಗಿದೆಯೆಂಬುದನ್ನು ಇದು ನೆನಪಿಸುತ್ತದೆ.

ನಗಿರೆಯ ಸಾಳುವ ಅರಸರು ಜೈನಧರ್ಮಾನುಯಾಯಿಗಳು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ದೀರ್ಘಕಾಲ ಆಳಿದ ರಾಣಿ ಚೆನ್ನಭೈರಾದೇವಿಯು ಈ ಮನೆತನದಲ್ಲಿ ಅತ್ಯಂತ ಪ್ರಸಿದ್ಧಳು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು. ಹೊಗಳಿಕೆಗಿಂತ ವ್ಯಾಪಾರದ ಲೆಕ್ಕವೇ ಆ ಬಿರುದಿನಲ್ಲಿ ಹೆಚ್ಚು. ಘಟ್ಟದ ಮೇಲಿನ ಕಾನುಗಳಿಂದ ಇಳಿದ ಮೆಣಸು ಗೇರುಸೊಪ್ಪೆಯಲ್ಲಿ ಶೇಖರವಾಗಿ, ಶರಾವತಿಯಲ್ಲಿ ದೋಣಿಯೇರಿ, ಹೊನ್ನಾವರದ ಬಂದರನ್ನು ಸೇರುತ್ತಿತ್ತು. 1569ರಲ್ಲಿ ಗೋವೆಯ ವೈಸರಾಯ್ ಲೂಯಿಸ್ ದ ಅತಾಯ್ದೆಯು ಹೊನ್ನಾವರವನ್ನು ವಶಪಡಿಸಿಕೊಂಡುದು ಈ ವ್ಯಾಪಾರದ ಬಾಯಿಯನ್ನು ಹಿಡಿಯಲೆಂದೇ. ಸಮುದ್ರದಲ್ಲಿ ಪೋರ್ಚುಗೀಸರು, ಮೇಲ್ಘಟ್ಟದಲ್ಲಿ ಕೆಳದಿಯ ನಾಯಕರು, ಈ ಎರಡು ಶಕ್ತಿಗಳ ನಡುವೆ ಸಣ್ಣ ರಾಜ್ಯವು ಹದಿನೇಳನೆಯ ಶತಮಾನದ ಮೊದಲ ದಶಕದವರೆಗೆ ನಿಂತಿತು. ಬಳಿಕ ವೆಂಕಟಪ್ಪನಾಯಕನು ಅದನ್ನು ಗೆದ್ದನು. ರಾಣಿಯು ಸೆರೆಯಲ್ಲಿ ಕೊನೆಯುಸಿರೆಳೆದಳೆಂಬುದು ಪರಂಪರೆಯ ಮಾತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೊರಟಾಗ ಇದೇ ದಾರಿಯಲ್ಲಿ ಬಂದನು. ಹೊನ್ನಾವರದಿಂದ ದೋಣಿಯಲ್ಲಿ ನದಿಯನ್ನೇರಿ ಗೇರುಸೊಪ್ಪೆಯಲ್ಲಿ ಇಳಿದನು. ರಾಜ್ಯ ಬಿದ್ದು ಎರಡು ದಶಕಗಳೂ ಸಂದಿರಲಿಲ್ಲ. ಆದರೂ ಅವನು ಕಂಡುದು ಮರಗಳು ಬೆಳೆದು ಮುಚ್ಚಿದ ಅರಮನೆಯನ್ನೂ ಹಾಳುಬಿದ್ದ ಪಟ್ಟಣವನ್ನೂ ರೈತರ ಕೆಲವು ಗುಡಿಸಲುಗಳನ್ನೂ. ಹೊರಗಿನಿಂದ ಬಂದವನೊಬ್ಬನ ಮೇಲಿನ ಮೋಹವೇ ರಾಣಿಯ ಪತನಕ್ಕೆ ಕಾರಣವಾಯಿತೆಂಬ ಕತೆಯನ್ನು ಅವನು ಬರೆದಿಟ್ಟಿದ್ದಾನೆ. ಗೆದ್ದವನ ಆಸ್ಥಾನಕ್ಕೆ ಹೋಗುತ್ತಿದ್ದ ರಾಯಭಾರದ ಜೊತೆಗಾರನಿಗೆ ಕೇಳಿಬಂದ ಕತೆ ಅದು. ಐವತ್ತು ವರ್ಷಗಳ ಆಳ್ವಿಕೆಯನ್ನು ಒಂದು ಪ್ರಣಯಪ್ರಸಂಗಕ್ಕೆ ಇಳಿಸುವ ಇಂಥ ವಿವರಣೆಯನ್ನು ಇತಿಹಾಸಕಾರರು ಎಚ್ಚರದಿಂದಲೇ ಸ್ವೀಕರಿಸಬೇಕು. ಆದರೆ ಅರಮನೆಯ ಮೇಲೆ ಬೆಳೆದ ಮರಗಳ ವಿಷಯದಲ್ಲಿ ಅವನು ಪ್ರತ್ಯಕ್ಷ ಸಾಕ್ಷಿ. ಅಂದರೆ ಗೇರುಸೊಪ್ಪೆಯ ಸುತ್ತ ಇಂದು ಕಾಣುವ ಕಾಡಿನ ಒಂದು ಭಾಗವು ಪಟ್ಟಣಕ್ಕಿಂತ ಹಳೆಯದಲ್ಲ, ಪಟ್ಟಣದ ನಂತರದ್ದು. ಕಾನು ಮೆಣಸಿನ ರಾಜ್ಯಕ್ಕೆ ಆಧಾರವಾಗಿತ್ತು. ರಾಜ್ಯ ಬಿದ್ದ ಮೇಲೆ ಕಾಡೇ ಅದನ್ನು ಮುಚ್ಚಿತು.

ನಗರಬಸ್ತಿಕೇರಿಯ ಚತುರ್ಮುಖ ಬಸದಿ ಆ ಮುಚ್ಚುಗೆಯೊಳಗೆ ಉಳಿದುಬಂದ ಮುಖ್ಯ ಕಟ್ಟಡ. ನಾಲ್ಕು ದಿಕ್ಕಿಗೂ ತೆರೆದ ಬಾಗಿಲುಗಳು, ನಡುವೆ ನಾಲ್ಕು ಮುಖಗಳಲ್ಲಿ ತೀರ್ಥಂಕರರ ಬಿಂಬಗಳು, ಮೇಲೆ ಶಿಖರವಿಲ್ಲದ ಮಾಡು. 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇದರ ವಿನ್ಯಾಸ ಪರಿಚಿತವೆನಿಸುತ್ತದೆ. ಕಾರ್ಕಳದ ಬಸದಿಯ ಸುತ್ತ ಊರಿದೆ. ಇದರ ಸುತ್ತ ಮರಗಳಿವೆ. ಬಸದಿಗಳು ಪುರಾತತ್ತ್ವ ಇಲಾಖೆಯ ರಕ್ಷಣೆಗೆ ಒಳಪಟ್ಟಿವೆ. ಅವುಗಳಿಗೆ ನಡೆದುಕೊಳ್ಳುತ್ತಿದ್ದ ಶ್ರಾವಕ ಸಮುದಾಯ ಮಾತ್ರ ಎಂದೋ ಚದುರಿಹೋಗಿದೆ.

ಈ ನಾಡು ಮೆಣಸನ್ನು ಮಾತ್ರ ಬೆಳೆಯಲಿಲ್ಲ. 1533ರ ಸುಮಾರಿಗೆ 'ಕಾವ್ಯಸಾರ'ವನ್ನು ಸಂಕಲಿಸಿದ ಅಭಿನವವಾದಿ ವಿದ್ಯಾನಂದನು ಗೇರುಸೊಪ್ಪೆಯವನು. ಹೊಂಬುಜದ ಶಾಸನವು ಸ್ತುತಿಸುವ, ಹಲವು ರಾಜಾಸ್ಥಾನಗಳಲ್ಲಿ ವಾದಿಗಳನ್ನು ಗೆದ್ದ ವಿದ್ಯಾನಂದನು ಇವನೇ ಎಂದು ಹೇಳಲಾಗುತ್ತದೆ. 'ಸಾಳ್ವಭಾರತ'ವನ್ನೂ 'ರಸರತ್ನಾಕರ'ವನ್ನೂ ರಚಿಸಿದ ಸಾಳ್ವನು ಇದೇ ಸಾಳುವ ಮನೆತನದ ಆಶ್ರಯದಲ್ಲಿದ್ದನು. 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಮುಗಿಸಿದ ಭಟ್ಟಾಕಳಂಕನು ನೆರೆಯ ಹಾಡುವಳ್ಳಿಯ ಗುರುಪರಂಪರೆಗೆ ಸಂಬಂಧಿಸಿದವನು. ರಾಜ್ಯವು ಕುಸಿಯುತ್ತಿದ್ದ ವರ್ಷಗಳಲ್ಲಿಯೇ ಹಳಗನ್ನಡದ ಸಮಗ್ರ ವ್ಯಾಕರಣವೊಂದು ಈ ಮಳೆಸೀಮೆಯ ಪರಂಪರೆಯಿಂದ ಹೊರಬಂದಿತು.

ಇವುಗಳಲ್ಲಿ 'ಕಾವ್ಯಸಾರ'ವು ಉಳಿಕೆ ಕಾಡಿನ ಸಂದರ್ಭದಲ್ಲಿ ವಿಶೇಷವಾಗಿ ಸ್ಮರಣೀಯ. ಅದು ಐನೂರು ವರ್ಷಗಳ ಕನ್ನಡ ಕಾವ್ಯದಿಂದ ಪದ್ಯಗಳನ್ನು ಆಯ್ದು ವಿಷಯಾನುಸಾರವಾಗಿ ಜೋಡಿಸಿದ ಸಂಕಲನ. ಹಳೆಯ ಸಂಕಲನಗಳಿಗೆ ಸಾಹಿತ್ಯಚರಿತ್ರೆಯಲ್ಲಿ ಇರುವ ಬೆಲೆ ಅವುಗಳ ಅಂದಕ್ಕಾಗಿ ಮಾತ್ರವಲ್ಲ, ಮೂಲ ಕಾವ್ಯ ಕಳೆದುಹೋದ ಮೇಲೂ ಅದರ ಕೆಲವು ಪದ್ಯಗಳು ಅಲ್ಲಿ ಬದುಕಿರಬಹುದೆಂಬ ಕಾರಣಕ್ಕಾಗಿ. ಕತ್ತಲೆಕಾನಿನ ಜವುಗು ಸಸ್ಯಲೋಕದ ಅಂತಹ ಒಂದು ಸಂಕಲನ. ತಿರುವಾಂಕೂರಿನ ಹೆಸರನ್ನು ಹೊತ್ತ ಒಂದು ನೇರಳೆ ಜಾತಿಯ ಮರವು ಅಷ್ಟು ದೂರದ ದಕ್ಷಿಣವನ್ನು ಬಿಟ್ಟರೆ ಇಲ್ಲಿ ಕಾಣಿಸಿಕೊಂಡುದು, ಒಮ್ಮೆ ಇವೆರಡರ ನಡುವೆ ಇದ್ದಿರಬಹುದಾದ ಕಾಡಿನ ಪುಟಗಳು ಹರಿದುಹೋಗಿರುವುದನ್ನು ಸೂಚಿಸುತ್ತದೆ.

ಆದರೆ ನಮ್ಮ ಕಾವ್ಯಗಳ ವನವರ್ಣನೆಯಲ್ಲಿ ಈ ಕಾಡನ್ನು ಹುಡುಕಿದರೆ ನಿರಾಶೆಯೇ ಹೆಚ್ಚು. ಘಟ್ಟದ ಅಂಚಿಗೆ ಸಮೀಪದಲ್ಲಿರುವ ಬನವಾಸಿಯನ್ನು 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪನು ಅಮರಗೊಳಿಸಿದನು. ಅವನ ಬನವಾಸಿಯ ತೋಟಗಳಲ್ಲಿ ಮಾವು, ಮಲ್ಲಿಗೆ, ಕೋಗಿಲೆ, ದುಂಬಿಗಳಿವೆ. ಅದು ಮನುಷ್ಯರ ಸುಖಕ್ಕೆ ಒದಗುವ ಉಪವನ. ಕೆಸರಿನಲ್ಲಿ ಮೊಣಕಾಲೂರಿ ನಿಂತ ಮರಗಳು, ಇಂಬಳಗಳು, ಬಿಸಿಲು ಕಾಣದ ತೊರೆಗಳು ಅಷ್ಟಾದಶ ವರ್ಣನೆಗಳ ಚೌಕಟ್ಟಿನೊಳಗೆ ಸುಲಭವಾಗಿ ಬರುವಂಥವಲ್ಲ. ಕಾನಿನ ನೆನಪು ಕಾವ್ಯಕ್ಕಿಂತ ಹೆಚ್ಚಾಗಿ ಊರ ಹೆಸರುಗಳಲ್ಲಿ, ಭೂಮಿಯ ಹಕ್ಕಿನ ಮಾತುಗಳಲ್ಲಿ, ಸುಂಕದ ಲೆಕ್ಕಗಳಲ್ಲಿ ಉಳಿದಿದೆ. ಪರಿಸರದ ಇತಿಹಾಸವನ್ನು ಸಾಹಿತ್ಯದಿಂದ ಕಟ್ಟಲು ಹೊರಟ ಸಂಶೋಧಕರು ಈ ಮಿತಿಯನ್ನು ಅರಿತಿರಬೇಕಾಗುತ್ತದೆ.

ಇಲ್ಲಿ ಇನ್ನೊಂದು ಪ್ರಶ್ನೆಯೂ ಸಹಜವಾಗಿ ಏಳುತ್ತದೆ. ಜೈನ ಅರಸರ ನಾಡಿನಲ್ಲಿ ಕಾನು ಉಳಿದುದಕ್ಕೆ ಅಹಿಂಸಾಧರ್ಮವೇ ಕಾರಣವೇ? ಹಾಗೆ ನಂಬಲು ಆಕರ್ಷಕವಾದ ಆಧಾರಗಳಿವೆ. ಜೈನ ತತ್ತ್ವದಲ್ಲಿ ವನಸ್ಪತಿಯು ಏಕೇಂದ್ರಿಯ ಜೀವ. ನೀರು, ಮಣ್ಣುಗಳೂ ಸ್ಥಾವರ ಜೀವಗಳಿಗೆ ಕಾಯವೇ. ಹನ್ನೆರಡನೆಯ ಶತಮಾನದ ಹೇಮಚಂದ್ರನ 'ಯೋಗಶಾಸ್ತ್ರ'ವು ಗೃಹಸ್ಥರು ತೊರೆಯಬೇಕಾದ ಹದಿನೈದು ವೃತ್ತಿಗಳನ್ನು ಎಣಿಸುವಾಗ ಇದ್ದಿಲು ಸುಡುವ ಅಂಗಾರಕರ್ಮ, ಕಾಡು ಕಡಿಯುವ ವನಕರ್ಮ, ಕಾಳ್ಗಿಚ್ಚು ಹಚ್ಚುವ ದವದಾನ, ಕೆರೆಗಳನ್ನು ಬತ್ತಿಸುವ ಸರಃಶೋಷ ಇವನ್ನೂ ಸೇರಿಸುತ್ತದೆ. ಲೇಶ್ಯೆಗಳನ್ನು ವಿವರಿಸುವ ಪ್ರಸಿದ್ಧ ದೃಷ್ಟಾಂತದಲ್ಲಿ ಹಸಿದ ಆರು ಮಂದಿ ಒಂದು ನೇರಳೆಯ ಮರದ ಬಳಿಗೆ ಬರುತ್ತಾರೆ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಮೇತ ಕೀಳಲು ಬಯಸುತ್ತಾನೆ. ಶುಕ್ಲಲೇಶ್ಯೆಯವನು ನೆಲಕ್ಕೆ ಉದುರಿದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಕಾನಿನ ಪದ್ಧತಿಗೂ ಈ ಕೊನೆಯವನ ನಡತೆಗೂ ಹೋಲಿಕೆ ಎದ್ದುಕಾಣುತ್ತದೆ.

ಹೋಲಿಕೆ ಮಾತ್ರ ಕಾರಣವಾಗಲಾರದು. ಕಾನಿನ ಕಟ್ಟುಪಾಡನ್ನು ಪಾಲಿಸಿದವರಲ್ಲಿ ಬಹುಪಾಲು ಜನರು ಜೈನರಾಗಿರಲಿಲ್ಲ. ಕಾನುಗಳಲ್ಲಿ ಚೌಡಿ, ಜಟಕ, ನಾಗ ಮೊದಲಾದ ದೈವಗಳ ನೆಲೆಗಳಿದ್ದವು; ಹಲವೆಡೆ ಆ ದೈವಗಳಿಗೆ ರಕ್ತಬಲಿಯೂ ಸಲ್ಲುತ್ತಿತ್ತು. ಅರಸರ ಖಜಾನೆಗೆ ಕಾನು ಬೇಕಾಗಿದ್ದುದು ಮೆಣಸಿಗಾಗಿ. ಹಳ್ಳಿಗರಿಗೆ ಅದು ಬೇಕಾಗಿದ್ದುದು ಗದ್ದೆ ತೋಟಗಳಿಗೆ ಹರಿದುಬರುವ ನೀರಿಗಾಗಿ. ಧರ್ಮ, ದೈವಭಯ, ಲಾಭ, ನೀರಿನ ಅಗತ್ಯ ಈ ನಾಲ್ಕೂ ಒಂದೇ ದಿಕ್ಕಿಗೆ ಎಳೆದ ಕಾಲದಲ್ಲಿ ಕಾನು ಉಳಿಯಿತೆಂದು ಹೇಳುವುದೇ ಸಾಕ್ಷ್ಯಕ್ಕೆ ಹೆಚ್ಚು ನಿಷ್ಠವಾದೀತು. ಯಾವುದೋ ಒಂದು ಮತಕ್ಕೆ ಈ ಕೀರ್ತಿಯನ್ನು ಪೂರ್ತಿಯಾಗಿ ಬರೆದುಕೊಡುವುದು ಆ ಮತಕ್ಕೂ ಗೌರವ ತರುವ ಕೆಲಸವಲ್ಲ.

1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ವ್ಯವಸ್ಥೆಯ ಕೊನೆಯ ಘಟ್ಟವನ್ನು ಕಂಡನು. ಕಾಡುಗಳು ಊರ ದೇವರ ಸ್ವತ್ತೆಂದೂ, ದೇವರ ಪೂಜೆಯನ್ನು ನಡೆಸುವ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಜನರು ಅವನಿಗೆ ತಿಳಿಸಿದರು. ಸರ್ಕಾರವು ತನ್ನ ಆಸ್ತಿಯನ್ನು ಕೇಳದಂತೆ ಮಾಡಲು ಹೂಡಿದ ಉಪಾಯವಿದು ಎಂದು ಅವನು ತೀರ್ಮಾನಿಸಿದನು. ಒಂದೇ ಸಂಗತಿಯನ್ನು ಊರಿನವರು ಭಕ್ತಿಯೆಂದೂ ಕಂಪನಿಯ ಅಧಿಕಾರಿ ಕುಯುಕ್ತಿಯೆಂದೂ ಓದಿದ ಈ ಪ್ರಸಂಗದಲ್ಲಿ ಮುಂದಿನ ನೂರು ವರ್ಷಗಳ ಅರಣ್ಯನೀತಿಯ ಬೀಜವಿದೆ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆಯು ಕಾಡುಗಳ ಮೇಲೆ ಸರ್ಕಾರದ ಒಡೆತನವನ್ನು ಗಟ್ಟಿಗೊಳಿಸಿತು. ದೇವರಿಂದ ಸರ್ಕಾರಕ್ಕೆ ಒಡೆತನ ವರ್ಗವಾದೊಡನೆ ಕಾನಿನ ಲೆಕ್ಕವೂ ಬದಲಾಯಿತು. ಮೊದಲು ನಿಂತ ಮರಕ್ಕಿದ್ದ ಬೆಲೆ ಈಗ ಬಿದ್ದ ಮರಕ್ಕೆ ಬಂದಿತು. ರೈಲುಹಳಿಯ ಅಡಿಮರಗಳಿಗೆ, ಆಮೇಲೆ ಪ್ಲೈವುಡ್ ಕಾರ್ಖಾನೆಗಳಿಗೆ ಘಟ್ಟದ ಮರಗಳು ಇಳಿದವು. ತಮ್ಮದಲ್ಲವೆಂದಾದ ಕಾನನ್ನು ಊರಿನವರೂ ಮೊದಲಿನಂತೆ ಕಾಯಲಿಲ್ಲ. ಜಡ್ಡಿಗಳ ನೀರನ್ನು ಕಾಲುವೆ ತೋಡಿ ಬಸಿದು ಗದ್ದೆಗಳನ್ನೂ ಅಡಕೆ ತೋಟಗಳನ್ನೂ ಮಾಡಿದರು. ಸರಃಶೋಷವು ಗ್ರಂಥದಲ್ಲಿ ನಿಷಿದ್ಧವಾಗಿದ್ದರೂ ಬದುಕಿನ ಒತ್ತಡಕ್ಕೆ ಆ ನಿಷೇಧ ತಡೆಯಾಗಲಿಲ್ಲ.

ಜವುಗಿನ ಮರಗಳು ಒಮ್ಮೆ ಹೋದರೆ ಮರಳುವುದು ಕಷ್ಟ. ಅವುಗಳ ದೊಡ್ಡ ಬೀಜಗಳು ಒಣಗಿಸಿ ಇಟ್ಟರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ತೇವದ ನೆಲಕ್ಕೆ ಬಿದ್ದು ಬೇಗನೆ ಮೊಳೆಯಬೇಕು. ಅವುಗಳನ್ನು ಹೊತ್ತೊಯ್ಯಲು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು ಬೇಕು. ಪಶ್ಚಿಮ ಘಟ್ಟದ ಹೊರಗೆ ಎಲ್ಲಿಯೂ ಕಾಣದ ಸಿಂಹಬಾಲದ ಸಿಂಗಳೀಕವು ಮರದಿಂದ ಮರಕ್ಕೆ ದಾಟಿ ಬದುಕುವ ಪ್ರಾಣಿ; ಚಪ್ಪರ ತುಂಡಾದಲ್ಲಿ ಅದರ ಲೋಕವೂ ತುಂಡಾಗುತ್ತದೆ. ಈ ಕಾರಣಗಳಿಂದ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವು ಘೋಷಿತವಾಯಿತು. 2019ರಲ್ಲಿ ಅದನ್ನೂ 1972ರಿಂದ ಇದ್ದ ಶರಾವತಿ ಕಣಿವೆಯ ಅಭಯಾರಣ್ಯವನ್ನೂ ಕೂಡಿಸಿ 930.16 ಚದರ ಕಿಲೋಮೀಟರಿನ ಶರಾವತಿ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು.

ಹಾಗೆಂದು ಪ್ರಶ್ನೆಗಳು ಮುಗಿದಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಈ ಕಣಿವೆಯ ಮೇಲ್ಭಾಗದ ಊರುಗಳನ್ನೂ ಕಾಡನ್ನೂ ಮುಳುಗಿಸಿತ್ತು. ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಇಳಿಸಿ ಮತ್ತೆ ಮೇಲಕ್ಕೆತ್ತುವ, 2000 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಯೋಜನೆಯೊಂದು ಚರ್ಚೆಯಲ್ಲಿದೆ. ನಾಡಿಗೆ ವಿದ್ಯುತ್ತು ಬೇಡವೆಂದು ಯಾರೂ ಹೇಳಲಾರರು. ಆದರೆ ಯೋಜನೆಯ ವೆಚ್ಚವನ್ನು ಎಣಿಸುವಾಗ ಕಾಡನ್ನು ಹೆಕ್ಟೇರುಗಳಲ್ಲಿ ಮಾತ್ರ ಅಳೆದರೆ ಸಾಲದು. ಬೇರೆಡೆ ಸಸಿ ನೆಟ್ಟು ತುಂಬಿಕೊಡಬಹುದಾದ ಕಾಡು ಬೇರೆ, ನೆಟ್ಟು ಬೆಳೆಸಲಾಗದ ಜಡ್ಡಿ ಬೇರೆ. ಕಳೆದುಹೋದ ಹಸ್ತಪ್ರತಿಯ ಬದಲಿಗೆ ಅಷ್ಟೇ ಪುಟಗಳ ಹೊಸ ಪುಸ್ತಕವನ್ನು ಭಂಡಾರದಲ್ಲಿ ಇಟ್ಟರೆ ನಷ್ಟ ತುಂಬಿತೆಂದು ಗ್ರಂಥಸಂಪಾದಕರು ಒಪ್ಪುವುದಿಲ್ಲ.

ಗೇರುಸೊಪ್ಪೆಯ ಬಸದಿಯನ್ನು ನೋಡಲು ಹೋಗುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಶಾಸನಕಲ್ಲುಗಳನ್ನೂ ಬಿಂಬಗಳನ್ನೂ ನೋಡಿ ಹಿಂದಿರುಗುತ್ತಾರೆ. ಕತ್ತಲೆಕಾನಿಗೆ ಹೋಗುವ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಬಸದಿಯ ಕಡೆಗೆ ಇಳಿಯುವುದಿಲ್ಲ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡುವುದು ಒಳ್ಳೆಯದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಳೆ ನಿಂತ ಮೇಲೆ, ಚಿಕ್ಕ ಗುಂಪಿನಲ್ಲಿ ಹೋಗಬೇಕು. ಜಡ್ಡಿಯ ಅಂಚಿನಲ್ಲಿಯೇ ನಿಲ್ಲಬೇಕು, ಏಕೆಂದರೆ ಕೆಸರಿನಲ್ಲಿ ಆಗ ತಾನೆ ಮೊಳೆತ ಸಸಿಗಳು ಕಾಲಿನಡಿ ಕಾಣುವುದಿಲ್ಲ. ಅಲ್ಲಿ ಬಳ್ಳಿಯೊಂದು ಹಬ್ಬಿದ ಹಳೆಯ ಮರದ ಕಡೆಗೆ ತಲೆಯೆತ್ತಿ ನೋಡಿದವರಿಗೆ, ಶಿಖರವಿಲ್ಲದ ಆ ಬಸದಿಯ ಕಲ್ಲುಗಳನ್ನು ಯಾವ ಸಂಪತ್ತು ಮೇಲೆತ್ತಿತೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.